ನಗೈಚೆಲ್ವನ್ ಊಟ ಬಿಟ್ಟ ದಿನಗಳು

೨೭ ಫೆಬ್ರವರಿ ೧೯೭೭, ಭಾನುವಾರ

ನಿವೃತ್ತನಾಗಿ ಇಪ್ಪತ್ತೇಳು ದಿನವಾಯಿತು. ಕಳಿಸಿಕೊಡುವಾಗ ಆಫೀಸಿನವರು ಕೊಟ್ಟ ಈ ಡೈರಿಯಲ್ಲಿ ಬರೆಯಲು ಇಷ್ಟು ದಿನ ಏನೂ ಇರಲಿಲ್ಲ. ಇವತ್ತು ಸಿಕ್ಕಿತು.

ಪೆರಂಬೂರಿನಿಂದ ಭೋಜರಾಜರಾಯರು ಬಂದಿದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ನಮ್ಮ ಮಠದವರೇ, ಮನೆಮಾತು ಕನ್ನಡವೇ. ತಮ್ಮ ಮಗ ಸುರೇಶನಿಗೆ ನಮ್ಮ ಉಷಾಳನ್ನು ಕೇಳಿದರು. ಹುಡುಗ ಬಿ.ಕಾಂ., ಗೋತ್ರ ಬೇರೆ, ಜಾತಕ ಕೂಡುತ್ತದೆ. ಜಾನಕಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಲೇ ಇದ್ದಳು. ಉಷಾ ತನಗೇನೂ ಸಂಬಂಧವಿಲ್ಲ ಎನ್ನುವ ಮುಖ ಮಾಡಿಕೊಂಡು ಆ ಮನುಷ್ಯನಿಗೆ ಮೂರು ಸಲ ಕಾಫಿ ತಂದುಕೊಟ್ಟಳು. ಮೂರು ಸಲ! ಹುಡುಗನ ಪರಿಚಯ ಮೊದಲೇ ಇದೆ ಎಂದು ನನಗೆ ಆಗಲೇ ಅನುಮಾನ ಬಂತು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಾರಂತೆ. ಅವಳು ಬ್ಯಾಂಕಿಗೆ, ಅವನು ವಡಪಳನಿಗೆ.

ತೊಡಕಿರುವುದು ಹುಡುಗನ ಕೆಲಸದಲ್ಲಿ. ಅವನು ನಗೈಚೆಲ್ವನ್‌ನ ಮ್ಯಾನೇಜರು. ಮರದ ಬೊಂಬೆಯೊಂದನ್ನು ಕೈಗೆ ತೊಡಿಸಿಕೊಂಡು, ತುಟಿ ಅಲ್ಲಾಡಿಸದೆ ಅದನ್ನು ಮಾತಾಡಿಸಿ, ಮದರಾಸನ್ನೆಲ್ಲ ನಗಿಸುವವನು ಈ ನಗೈಚೆಲ್ವನ್. ಸಿನಿಮಾದಲ್ಲೂ ಇದ್ದಾನೆ, ಊರಿನ ಗೋಡೆಗಳ ಮೇಲೂ ಇದ್ದಾನೆ. ಈ ಊರಿನಲ್ಲಿ ಪಕ್ಷವಿಲ್ಲದ ನಟನನ್ನು ನಾನಂತೂ ಕಂಡಿಲ್ಲ. ಗೆದ್ದವರ ಕಡೆಯವನಾದರೆ ಸರಿ. ಸೋತವರ ಕಡೆಯವನಾದರೆ ನಾಳೆ ಅವನಿಗೆ ಸಭಾಂಗಣ ಸಿಗುವುದಿಲ್ಲ, ಮ್ಯಾನೇಜರಿಗೆ ಕೆಲಸವಿರುವುದಿಲ್ಲ. ನನ್ನ ಒಬ್ಬಳೇ ಮಗಳ ಸಂಸಾರ ಬೊಂಬೆಯಾಟದವನ ಪಕ್ಷದ ಮೇಲೆ ನಿಲ್ಲಬೇಕೇ?

ವೈಶಾಖದೊಳಗೆ ಹೇಳುತ್ತೇನೆ ಎಂದೆ. ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕ್ಲೇಮುಗಳನ್ನು ಪರೀಕ್ಷಿಸಿದವನು ನಾನು. ಸತ್ತವರು ನಿಜವಾಗಿಯೂ ಸತ್ತಿದ್ದಾರೆಯೇ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಸುಳ್ಳು ರಿಪೋರ್ಟು ಒಂದೂ ಬರೆದವನಲ್ಲ. ಇವನ ಪಕ್ಷ ಯಾವುದೆಂದು ಕಂಡುಹಿಡಿಯಲಾರೆನೇ?

ಪಕ್ಷಗಳ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಕಾಲ ಚೆನ್ನಾಗಿಲ್ಲ, ಯಾರು ಯಾವಾಗ ತೆರೆದು ಓದುತ್ತಾರೋ. ಹಳೇದು, ಹೊಸದು ಎಂದರೆ ನನಗೆ ಗೊತ್ತಾಗುತ್ತದೆ.

೩ ಮಾರ್ಚ್, ಗುರುವಾರ

ಮೊನ್ನೆ ಏಕಾದಶಿ, ನಿನ್ನೆ ಬೆಳಗಾಗುತ್ತಲೇ ಪಾರಣೆ. ಇವತ್ತು ಮೈ ಹಗುರವಾಗಿದೆ, ಕೆಲಸ ಶುರುಮಾಡಿದೆ. ಹಳೆಯ ತಮಿಳು ವಾರಪತ್ರಿಕೆಗಳನ್ನು ತಂದು ಅವನ ಫೋಟೋಗಳನ್ನೆಲ್ಲ ಕತ್ತರಿಸಿ ರಟ್ಟಿಗೆ ಅಂಟಿಸಿದೆ. ಇಲ್ಲಿ ಪಂಚೆಯ ಅಂಚು ನೋಡಿದರೆ ಮನುಷ್ಯನ ಪಕ್ಷ ತಿಳಿಯುತ್ತದೆ. ಆದರೆ ಫೋಟೋಗಳೆಲ್ಲ ಕಪ್ಪು ಬಿಳುಪು! ಅಂಚಿನಲ್ಲಿರುವುದು ಕೆಂಪೋ ಹಸಿರೋ ದೇವರೇ ಬಲ್ಲ. ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿದೆ. ಒಂದು ಫೋಟೋದಲ್ಲಿ ಅಂಚೇ ಇಲ್ಲ. ಅಂಚಿಲ್ಲದ ಪಂಚೆ ಉಡುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಗುರುತು ಹಾಕಿಕೊಂಡೆ.

ಮೊದಲ ಗಟ್ಟಿ ಸಾಕ್ಷಿ ಸಂಜೆ ಪೇಪರಿನಲ್ಲಿ ಸಿಕ್ಕಿತು. ಮೊನ್ನೆ ಮಂಗಳವಾರ ಹಳೇ ಪಕ್ಷದ ಅಭ್ಯರ್ಥಿಯೊಬ್ಬರ ಮನೆಯಲ್ಲಿ ಔತಣವಿತ್ತಂತೆ. ನಗೈಚೆಲ್ವನ್ ಎಲೆಯ ಮುಂದೆ ಕೂತು ಬರೀ ನೀರು ಕುಡಿದು ಎದ್ದನಂತೆ. ಕರೆದ ಮನೆಯಲ್ಲಿ ಅನ್ನ ಮುಟ್ಟದವನು ಆ ಮನೆಯವರ ಕಡೆಯವನಾಗುವುದುಂಟೇ? ಬೇರೊಂದು ಹಾಳೆಯಲ್ಲಿ ತಾರೀಖು ಬರೆದಿಟ್ಟೆ. ಮಾರ್ಚ್ ೧.

೧೩ ಮಾರ್ಚ್, ಭಾನುವಾರ

ಮೂವರೂ ಅವನ ಆಟ ನೋಡಿಬಂದೆವು. ಬೊಂಬೆಯ ಹೆಸರು ಪಟ್ಟಾಣಿ. ಬಟಾಣಿಯಷ್ಟೇ ಇದೆ, ಬಾಯಿ ಮಾತ್ರ ದೊಡ್ಡದು. ಅದು ಹಳೇ ಪಕ್ಷವನ್ನು ಏಳು ಸಲ, ಹೊಸ ಪಕ್ಷವನ್ನು ನಾಲ್ಕು ಸಲ ಹಂಗಿಸಿತು. ಕತ್ತಲಲ್ಲೇ ಕಾರ್ಯಕ್ರಮದ ಹಾಳೆಯ ಹಿಂದೆ ಗೀಟು ಹಾಕಿಕೊಂಡೆ. ಜಾನಕಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ನಗಲು ಪುರಸೊತ್ತೇ ಆಗಲಿಲ್ಲ.

ನಡುವೆ ಪಟ್ಟಾಣಿ ಕೇಳಿತು, ಈ ಸಲ ಯಾರಿಗೆ ಓಟು ಎಂದು. ಅವನು ಗುಟ್ಟು ಎಂದ. "ನನ್ನ ಹತ್ತಿರ ಎಂಥ ಗುಟ್ಟು? ನಿನ್ನ ಕೈ ನನ್ನ ಹೊಟ್ಟೆಯೊಳಗೇ ಇದೆಯಲ್ಲ!" ಎಂದಿತು ಬೊಂಬೆ. ಸಭೆಯೆಲ್ಲ ಹೋ ಎಂದಿತು.

ಆಟ ಮುಗಿದ ಮೇಲೆ ಸುರೇಶನನ್ನು ಹಿಡಿದೆ. ಸಣಕಲು ಹುಡುಗ, ವಿನಯ ಜಾಸ್ತಿ.

"ನಿಮ್ಮ ಯಜಮಾನರು ಯಾವ ಕಡೆ?"

"ನಂಗೊತ್ತಿಲ್ಲ ಮಾಮಾ."

"ಮೊನ್ನೆ ಆ ಮನೇಲಿ ಯಾಕೆ ಊಟ ಮಾಡಲಿಲ್ಲ?"

ಹುಡುಗ ನೆಲ ನೋಡಿದ. ಆಮೇಲೆ, "ಕುರ್ಚಿ ಎತ್ತಿಸಬೇಕು, ಬರ್ತೀನಿ ಮಾಮಾ" ಎಂದು ಜಾರಿಕೊಂಡ. ಹಾಗೆ ನೆಲ ನೋಡಿದ ಎಷ್ಟು ಮಂದಿಯನ್ನು ನಾನು ನೋಡಿಲ್ಲ! ಅವನಿಗೆ ಗೊತ್ತಿದೆ.

೧ ಏಪ್ರಿಲ್, ಶುಕ್ರವಾರ

ಎರಡನೆಯ ಸಾಕ್ಷಿ. ನಿನ್ನೆ ಹಳೇ ಪಕ್ಷದವರೇ ನಡೆಸಿದ ಕಲಾವಿದರ ಸನ್ಮಾನದಲ್ಲಿ ಶಾಲು ಹೊದೆಸಿಕೊಂಡ, ಊಟಕ್ಕೆ ಕೂರಲಿಲ್ಲ. ಬೆಳಗಿನ ಪೇಪರಿನಲ್ಲೇ ಇದೆ. ನಿನ್ನೆ ನಮ್ಮ ಮನೆಯಲ್ಲೂ ಅಡುಗೆಯಿಲ್ಲದ್ದರಿಂದ ಜಾನಕಿಗೆ ಬಿಡುವಿತ್ತು. ಅವಳಿಂದಲೇ ಹಳೆಯ ಪೇಪರುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಇಡಿಸಿದ್ದು ಒಳ್ಳೆಯದಾಯಿತು.

೧೫ ಏಪ್ರಿಲ್, ಶುಕ್ರವಾರ

ಮೂರನೆಯದು! ನಿನ್ನೆ ತಮಿಳು ಹೊಸ ವರ್ಷದ ಹಬ್ಬದೂಟ, ಅದೂ ಹಳೇ ಪಕ್ಷದ ದೊಡ್ಡ ಮನುಷ್ಯರ ಮನೆಯಲ್ಲಿ. ಊರೆಲ್ಲ ಪಾಯಸ ಕುಡಿಯುವ ದಿನ ಇವನು ಮಜ್ಜಿಗೆಯನ್ನೂ ಮುಟ್ಟಲಿಲ್ಲವಂತೆ. ಸುದ್ದಿ ತಂದವನು ಮಹಡಿಯ ಮೇಲಿನ ಬಾಡಿಗೆಯ ಏಳುಮಲೈ. ವಾರಪತ್ರಿಕೆಯೊಂದಕ್ಕೆ ಸಿನಿಮಾ ಸುದ್ದಿ ಬರೆಯುತ್ತಾನೆ. ನನ್ನ ರಟ್ಟುಗಳನ್ನು ನೋಡಿ ಬಾಯಿ ಬಿಟ್ಟ. "ಸಾರ್, ಪೊಲೀಸಲ್ಲೂ ಇಷ್ಟು ನೀಟಾಗಿ ಇಡೋದಿಲ್ಲ" ಎಂದು ತಮಿಳಿನಲ್ಲಿ ಹೇಳಿದ. ಮಾತು ತಿಳಿದವನು.

ಸಂಜೆ ಸುರೇಶ ಹಣ್ಣು ಹಿಡಿದುಕೊಂಡು ಬಂದಿದ್ದ. ತಾರೀಖಿನ ಹಾಳೆಯನ್ನು ಅವನ ಮುಂದಿಟ್ಟು, ಇದಕ್ಕೇನು ಹೇಳುತ್ತೀಯ ಎಂದೆ. ಓದಿ ಮುಖ ಬಿಳಿಚಿಕೊಂಡಿತು.

"ಮಾಮಾ, ಅದು ಅವರ ಸ್ವಂತ ವಿಷಯ. ದಯವಿಟ್ಟು ಇದನ್ನ ಯಾರಿಗೂ ತೋರಿಸಬೇಡಿ."

"ನಿನಗೆ ಕಾರಣ ಗೊತ್ತು."

"ಗೊತ್ತು. ಹೇಳೋದಿಲ್ಲ."

ಹೇಗಿದೆ ಧೈರ್ಯ! ಮಾವನಾಗುವವನ ಮುಂದೆ ಕೂತು ಹೇಳೋದಿಲ್ಲ ಎನ್ನುತ್ತಾನೆ. ಮದುವೆಗೆ ಮುಂಚೆ ಇಷ್ಟು ಮುಚ್ಚಿಡುವವನು ಮದುವೆಯಾದ ಮೇಲೆ ನನ್ನ ಮಗಳಿಂದ ಏನೇನು ಮುಚ್ಚಿಡುತ್ತಾನೋ.

೧ ಮೇ, ಭಾನುವಾರ

ಏಳುಮಲೈ ಒಂದು ತಲೆನೋವು ತಂದ. ಶುಕ್ರವಾರ ಇಪ್ಪತ್ತೊಂಬತ್ತಕ್ಕೆ ಹೊಸ ಪಕ್ಷದವರ ಮನೆಯ ಗೃಹಪ್ರವೇಶದಲ್ಲೂ ನಗೈಚೆಲ್ವನ್ ಊಟ ಮಾಡಲಿಲ್ಲವಂತೆ. ಹಾಗಾದರೆ ನನ್ನ ಲೆಕ್ಕ ಕೆಡುತ್ತದಲ್ಲ! ಯೋಚಿಸಿ ನೋಡಿದೆ. ನಮ್ಮ ಕಣ್ಣಿಗೆ ಮಣ್ಣೆರಚಲು ಬೇಕೆಂದೇ ಹಾಗೆ ಮಾಡಿರಬೇಕು. ತಾರೀಖನ್ನು ಸೇರಿಸಿ ಪಕ್ಕದಲ್ಲಿ 'ನಟನೆ' ಎಂದು ಬರೆದೆ. ಏಳುಮಲೈ ಹಾಳೆಯ ನಕಲು ಬೇಕೆಂದ. ಕೊಟ್ಟೆ. ಸತ್ಯ ನಾಲ್ಕು ಜನಕ್ಕೆ ಗೊತ್ತಾದರೆ ತಪ್ಪೇನು?

ಉಷಾಳ ಕೈಚೀಲ ನೋಡಿದೆ. ಬಸ್ಸಿನ ಟಿಕೆಟುಗಳಲ್ಲಿ ಎರಡು ವಡಪಳನಿಯದು. ಇವಳ ಬ್ಯಾಂಕು ಇರುವುದು ಅದಕ್ಕೆ ಎಷ್ಟೋ ಮುಂಚಿನ ನಿಲ್ದಾಣದಲ್ಲಿ. ಮುಂದಿಟ್ಟು ಕೇಳಿದ್ದಕ್ಕೆ ತಮಿಳಿನಲ್ಲಿ ಕೂಗಾಡಿದಳು. ಸಿಟ್ಟು ಬಂದರೆ ಇವಳಿಗೆ ಕನ್ನಡ ಮರೆತುಹೋಗುತ್ತದೆ. ಜಾನಕಿ ನಡುವೆ ಬಂದು, "ಹೆತ್ತ ಮಗಳ ಚೀಲ ತಡಕ್ತೀರಲ್ಲ, ನಿಮಗೆ ನಾಚಿಕೆ ಆಗಲ್ವೇ?" ಎಂದಳು. ನಾಚಿಕೆ ಯಾಕೆ? ಟಿಕೆಟು ಸಿಕ್ಕಿತಲ್ಲ.

೯ ಮೇ, ಸೋಮವಾರ

ಭೋಜರಾಜರಾಯರಿಗೆ ಕಾಗದ ಹಾಕಿದೆ. ನಿಮ್ಮ ಮಗನ ಯಜಮಾನ ಹೊಸ ಪಕ್ಷದವನು, ಅದನ್ನು ಮುಚ್ಚಿಡುತ್ತಿದ್ದಾನೆ, ನಿಮ್ಮ ಮಗನೂ ಮುಚ್ಚಿಡುತ್ತಿದ್ದಾನೆ, ಈ ಸಂಬಂಧ ಬೇಡ ಎಂದು. ತಾರೀಖುಗಳ ಸಮೇತ.

ಉಷಾ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಇಲ್ಲಿಯವರು ಕತ್ತರಿ ಎನ್ನುವ ಕಡುಬೇಸಿಗೆಯ ಬಿಸಿಲು. ಮನೆಯೊಳಗೆ ಫ್ಯಾನಿನದೊಂದೇ ಸದ್ದು.

೧೪ ಮೇ, ಶನಿವಾರ

ಏಕಾದಶಿ. ನಿರಾಹಾರ.

ಹೇಗೆ ಬರೆಯುವುದೋ ತಿಳಿಯದು. ಬೆಳಿಗ್ಗೆ ಪೂಜೆಯಾದ ಮೇಲೆ ಜಾನಕಿ ನನ್ನ ಮೇಜು ಒರೆಸುತ್ತಿದ್ದಳು. ತಾರೀಖಿನ ಹಾಳೆ ಅವಳ ಕೈಗೆ ಸಿಕ್ಕಿತು. ದೂರ ಹಿಡಿದು ಓದಿದಳು.

"ನಮ್ಮ ಏಕಾದಶಿಗಳನ್ನೆಲ್ಲ ಯಾಕೆ ಬರೆದಿಟ್ಟಿದ್ದೀರಿ?"

"ಯಾವ ಏಕಾದಶಿ?"

"ಮಾರ್ಚ್ ಒಂದು, ಮೂವತ್ತೊಂದು, ಏಪ್ರಿಲ್ ಹದಿನಾಲ್ಕು, ಇಪ್ಪತ್ತೊಂಬತ್ತು. ಮಾರ್ಚ್ ಹದಿನಾರು ಬಿಟ್ಟಿದ್ದೀರಿ ನೋಡಿ, ಅದೂ ಏಕಾದಶಿನೇ."

ಗೋಡೆಯ ಪಂಚಾಂಗ ತಂದಳು. ಒಲೆ ಹಚ್ಚದ ದಿನಗಳಿಗೆಲ್ಲ ಅವಳು ಪೆನ್ಸಿಲಿನಲ್ಲಿ ಸೊನ್ನೆ ಹಾಕಿದ್ದಾಳೆ. ಒಂದೊಂದನ್ನೂ ತಾಳೆ ನೋಡಿದೆ. ನಾಲ್ಕಕ್ಕೆ ನಾಲ್ಕೂ ಸರಿ. ನಾಲ್ಕು ದಿನವೂ ನಾನೂ ಊಟ ಮಾಡಿಲ್ಲ! ನನ್ನ ಪರೀಕ್ಷೆಯೆಲ್ಲ ಇಂಗ್ಲಿಷ್ ತಾರೀಖಿನಲ್ಲಿ, ನನ್ನ ಉಪವಾಸವೆಲ್ಲ ತಿಥಿಯಲ್ಲಿ. ಮೂವತ್ತೊಂದು ವರ್ಷದ ಪರೀಕ್ಷಕ, ಎರಡನ್ನೂ ಒಂದು ಸಲವೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಥೂ ನನ್ನ ಬುದ್ಧಿಗೆ.

ಹೆಸರು ನಗೈಚೆಲ್ವನ್. ಅಪ್ಪಟ ತಮಿಳು. ದೇವರಿಲ್ಲ ಎನ್ನುವವರ ವೇದಿಕೆಯಲ್ಲಿ ಬೆಳೆದವನು. ಏಕಾದಶಿ ಎಲ್ಲಿಂದ ಬಂತು?

೧೬ ಮೇ, ಸೋಮವಾರ

ವಡಪಳನಿಗೆ ಹೋಗಿ ಸುರೇಶನನ್ನು ಕಂಡೆ. ಮುರುಗನ ದೇವಸ್ಥಾನದ ಹೊರಗೆ, ಹೂವಿನಂಗಡಿಯ ನೆರಳಲ್ಲಿ ನಿಂತು ಒಂದೇ ಮಾತು ಹೇಳಿದೆ: "ಏಕಾದಶಿ." ಹುಡುಗನ ಕಣ್ಣಲ್ಲಿ ನೀರು ಬಂತು.

"ಅವರೂ ನಮ್ಮವರೇ ಮಾಮಾ. ಕುಂಭಕೋಣದ ಕಡೆಯೋರು, ಮನೇಲಿ ಕನ್ನಡ. ನಾಟಕಕ್ಕೆ ಓಡಿಬಂದಾಗ ಹೆಸರು ಬದಲಾಯಿಸ್ಕೊಂಡ್ರು. ತಾಯಿ ಹೋಗೋ ಮುಂಚೆ ಕೈ ಹಿಡಿದು ಮಾತು ತೊಗೊಂಡ್ರಂತೆ, ಏನು ಹೆಸರು ಬೇಕಾದ್ರೂ ಇಟ್ಕೋ, ಏಕಾದಶಿ ಮಾತ್ರ ಬಿಡಬೇಡ ಅಂತ. ಇದು ಹೊರಗೆ ಬಂದ್ರೆ ಒಂದು ಕಡೆಯೋರು ವೇಷ ಅಂತಾರೆ, ಇನ್ನೊಂದು ಕಡೆಯೋರು ಮೋಸ ಅಂತಾರೆ. ಆಮೇಲೆ ಪಟ್ಟಾಣಿ ಏನು ಹೇಳಿದ್ರೂ ಯಾರೂ ನಗೋದಿಲ್ಲ."

"ನನ್ನ ಹತ್ತಿರ ಹೇಳಬಹುದಿತ್ತಲ್ಲೋ. ಮದುವೆ ಮುರಿದುಹೋಯಿತಲ್ಲ!"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಉಷಾಗೂ ಹೇಳಿಲ್ಲ. ಅವಳು ಕೇಳಲೂ ಇಲ್ಲ."

ಅವರ ಹುಟ್ಟುಹೆಸರನ್ನೂ ಹೇಳಿದ. ಇಲ್ಲಿ ಬರೆಯುವುದಿಲ್ಲ.

ಆದರೂ ಬಾಯಿ ಕೇಳಲಿಲ್ಲ. "ಅದಿರಲಿ, ಅವರ ಪಕ್ಷ ಯಾವುದು?" ಎಂದೆ. ಸುರೇಶ ನಕ್ಕುಬಿಟ್ಟ. "ಅದು ನಂಗೆ ನಿಜವಾಗ್ಲೂ ಗೊತ್ತಿಲ್ಲ ಮಾಮಾ."

ಅಲ್ಲಿಂದ ನೇರ ಪೆರಂಬೂರಿಗೆ ಹೋದೆ. ಕಾಗದ ವಾಪಸು ಕೊಡಿ, ನನ್ನದು ತಪ್ಪಾಯಿತು ಎಂದೆ. ಭೋಜರಾಜರಾಯರು ಕೂರಿಸಿದರು, ನೀರು ಕೊಟ್ಟರು, ಕಾಗದ ಕೊಡಲಿಲ್ಲ. "ನಮ್ಮ ಹುಡುಗ ಏನೋ ಒಂದು ಗುಟ್ಟು ಕಾಯ್ತಾ ಇದಾನೆ ರಾಯರೇ. ಏನೂಂತ ನಾನೂ ಕೇಳಿಲ್ಲ. ಪಟ್ಟಿ ಬರೆಯೋ ಮಾವ ಸಿಕ್ಕಿದ್ರೆ ಅವನ ಗತಿಯೇನು? ಆಷಾಢ ಕಳೀಲಿ, ನೋಡೋಣ" ಎಂದರು. ಇಷ್ಟು ದಿನ ನಾನು ಅವರನ್ನು ತೂಗುತ್ತಿದ್ದೆ. ಈಗ ಅವರು ನನ್ನನ್ನು ತೂಗುತ್ತಿದ್ದಾರೆ. ಅವಮಾನವಾಯಿತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿದೆ?

ಮನೆಗೆ ಬಂದಾಗ ನೆನಪಾಯಿತು. ಆ ಪಟ್ಟಿಯ ನಕಲು ಏಳುಮಲೈ ಹತ್ತಿರ ಇದೆ.

೨೦ ಜೂನ್, ಸೋಮವಾರ

ರಾಜ್ಯದ ಚುನಾವಣೆಯೂ ಮುಗಿದು ಫಲಿತಾಂಶ ಬಂತು. ಗೆದ್ದವರು ಪಟಾಕಿ ಹಾರಿಸಿದರು. ಯಾರು ಗೆದ್ದರೆಂದು ನಾನು ಎರಡನೆಯ ಸಲ ಓದಲಿಲ್ಲ.

ನಕಲನ್ನು ವಾಪಸು ಕೇಳಿ ಕೇಳಿ ಸಾಕಾಗಿದೆ. ಇವತ್ತು ಏಳುಮಲೈ ತಾನೇ ಕೆಳಗಿಳಿದು ಬಂದ, ಪಟ್ಟಿ ಹಿಡಿದುಕೊಂಡು.

"ಸಾರ್, ಇದು ಪಕ್ಷದ ವಿಷಯ ಅಲ್ಲ. ಹದಿನೈದು ಹದಿನೈದು ದಿನಕ್ಕೆ ಬರುತ್ತೆ ನೋಡಿ. ಇನ್ನೊಂದು ವಿಚಿತ್ರ. ನೀವೂ ಹದಿನೈದು ದಿನಕ್ಕೊಂದು ಸಲ ನಮ್ಮ ಮನೆ ಕಾಫಿ ಬೇಡ ಅಂತೀರಲ್ಲ, ಅದು ಯಾವ ದಿನ?"

"ಹೊಟ್ಟೆ ಸರಿಯಿಲ್ಲದಾಗ" ಎಂದೆ. ನನ್ನ ಬಾಯಿಂದ ಬಂದ ಮೊದಲ ಸುಳ್ಳು ಅದೇ ಇರಬೇಕು. ಅವನು ನಂಬಲಿಲ್ಲ. ನಂಬದವನ ಮುಖ ನನಗೆ ಚೆನ್ನಾಗಿ ಗೊತ್ತು, ದಿನಾ ಕನ್ನಡಿಯಲ್ಲಿ ನೋಡಿದ್ದೇನೆ.

ಇಪ್ಪತ್ತೇಳನೇ ತಾರೀಖು ಪಟ್ಟಾಣಿಯ ಐನೂರನೆಯ ಆಟದ ಸಂತೋಷಕ್ಕೆ ವಡಪಳನಿಯ ಕಲ್ಯಾಣಮಂಟಪದಲ್ಲಿ ಮಧ್ಯಾಹ್ನದ ಊಟವಂತೆ. ದಿನ ಗೊತ್ತುಮಾಡಿದವನು ಮಂಟಪದ ಯಜಮಾನ, ಗೆದ್ದ ಪಕ್ಷದ ನಾಯಕರ ಬಿಡುವು ನೋಡಿಕೊಂಡು. "ಮ್ಯಾನೇಜರು ನಿಮಗೂ ಕರೆ ಕಳಿಸಿದ್ದಾರಲ್ಲ ಸಾರ್, ಇಬ್ಬರೂ ಒಟ್ಟಿಗೆ ಕೂರೋಣ. ಅವನೂ ತಿನ್ನದೆ ನೀವೂ ತಿನ್ನದೆ ಇದ್ದರೆ, ಆ ವಾರದ ಮುಖಪುಟ ನಂದೇ" ಎಂದು ನಕ್ಕ. ತಮಾಷೆಗೆ ಹೇಳಿದ್ದಲ್ಲ. ನಾನು ಹೋಗದಿದ್ದರೆ ಅದನ್ನೂ ಬರೆದುಕೊಳ್ಳುತ್ತಾನೆ.

ಪಂಚಾಂಗ ನೋಡಿದೆ. ಆಷಾಢ ಶುದ್ಧ ಏಕಾದಶಿ. ಪ್ರಥಮ ಏಕಾದಶಿ.

೨೭ ಜೂನ್, ಸೋಮವಾರ

ಬೆಳಿಗ್ಗೆ ತಿರುವಲ್ಲಿಕ್ಕೇಣಿಯ ಮಠಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು ಬಂದೆ. ತೋಳಿನ ಮೇಲೆ ಶಂಖಚಕ್ರ ಇನ್ನೂ ಉರಿಯುತ್ತಿದ್ದವು. ಉದ್ದ ತೋಳಿನ ಅಂಗಿ ಹಾಕಿಕೊಂಡು ವಡಪಳನಿಗೆ ಹೋದೆ. ಎಲ್ಲಿಗೆ ಎಂದು ಜಾನಕಿ ಕೇಳಲಿಲ್ಲ.

ಏಳುಮಲೈ ನನ್ನ ಪಕ್ಕದಲ್ಲೇ ಕೂತ. ಎದುರು ಸಾಲಿನಲ್ಲಿ ಅವರು ಕೂತಿದ್ದರು, ತೊಡೆಯ ಮೇಲೆ ಪಟ್ಟಾಣಿ. ಇಷ್ಟು ಹತ್ತಿರದಿಂದ ಅವರನ್ನು ನೋಡಿದ್ದು ಇದೇ ಮೊದಲು. ಕಣ್ಣ ಸುತ್ತ ಕಪ್ಪು, ಉಪವಾಸದ ಮುಖ. ಅಂಚಿಲ್ಲದ ಬಿಳಿ ಪಂಚೆ. ಬಡಿಸಿದರು. ಅವರು ಎಲೆಗೆ ನೀರು ಚಿಮುಕಿಸಿ ಸುಮ್ಮನೆ ಕೂತರು. ಯಾಕೆ ತಿನ್ನುತ್ತಿಲ್ಲ ಎಂದು ನಾಯಕರು ಕೇಳಿದ್ದಕ್ಕೆ ಪಟ್ಟಾಣಿ, "ಐನೂರು ಆಟ ಆಡಿಸಿ ನನಗೇ ಒಂದು ಎಲೆ ಹಾಕಿಲ್ಲ, ಇವನಿಗೆ ಎಲ್ಲಿ ಸೇರುತ್ತೆ?" ಎಂದಿತು. ಎಲ್ಲರೂ ನಕ್ಕರು.

ಏಳುಮಲೈ ನಗಲಿಲ್ಲ. ಅವನ ಕಣ್ಣು ನನ್ನ ಎಲೆಯ ಮೇಲಿತ್ತು. ಜೇಬಿನಿಂದ ಪುಸ್ತಕ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ. "ಏನು ಸಾರ್, ನೀವೂ ತಿಂತಾ ಇಲ್ಲ? ಇವತ್ತು ಏನು ವಿಶೇಷ?"

ಮುಂಜಿಯಾದಾಗಿನಿಂದ ಇಲ್ಲಿಯವರೆಗೆ ನಲವತ್ತಾರು ವರ್ಷ. ಟೈಫಾಯಿಡ್ ಜ್ವರದಲ್ಲೂ ಬಿಟ್ಟಿರಲಿಲ್ಲ. ಅಪ್ಪ ತೀರಿಕೊಂಡ ವಾರವೂ ಬಿಟ್ಟಿರಲಿಲ್ಲ.

"ವಿಶೇಷ ಏನಪ್ಪಾ, ಸಾಂಬಾರು ಆರಲಿ ಅಂತ ಕಾಯ್ತಿದ್ದೆ" ಎಂದೆ. ಕಲಸಿದೆ. ಒಂದು ತುತ್ತು ಬಾಯಿಗಿಟ್ಟೆ. ನುಂಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಎರಡನೆಯದು. ಸಾಂಬಾರಿನ ತುಂಬ ಸಣ್ಣ ಈರುಳ್ಳಿ. ನಮ್ಮ ಮನೆಯೊಳಗೆ ಬಂದೇ ಇಲ್ಲದ್ದು, ಅದನ್ನೂ ತಿಂದೆ. ಪಲ್ಯ ಕೇಳಿ ಹಾಕಿಸಿಕೊಂಡೆ. "ಅವರಿಗೆ ಸಕ್ಕರೆ ಕಾಯಿಲೆ ಇರಬೇಕು, ನಮ್ಮ ಆಫೀಸಿನಲ್ಲಿ ಇಂಥವರ ಎಷ್ಟೋ ಫೈಲು ನೋಡಿದ್ದೇನೆ" ಎಂದು ಏಳುಮಲೈಗೆ ಹೇಳಿದೆ. ಅವನು ನನ್ನ ಎಲೆ ನೋಡಿದ, ನನ್ನ ಬಾಯಿ ನೋಡಿದ, ಪುಸ್ತಕ ಮುಚ್ಚಿ ಜೇಬಿಗಿಟ್ಟ. ಆಮೇಲೆ ತಾನೂ ಊಟಕ್ಕೆ ಕೈ ಹಾಕಿದ.

ತಲೆಯೆತ್ತಿದಾಗ ಅವರು ನನ್ನನ್ನೇ ನೋಡುತ್ತಿದ್ದರು. ನನ್ನ ಹಣೆಯನ್ನು ನೋಡಿದರು, ಗೋಪಿಚಂದನದ ನಾಮವನ್ನು. ಆಮೇಲೆ ನನ್ನ ಎಲೆಯನ್ನು. ಅವರ ತುಟಿ ನಡುಗಿತು. ಪಟ್ಟಾಣಿಯನ್ನು ಎತ್ತಿ ಅದರ ಮುಖದ ಹಿಂದೆ ತಮ್ಮ ಮುಖ ಮರೆಮಾಡಿಕೊಂಡರು.

ಮಜ್ಜಿಗೆ ಬಡಿಸಲು ಸುರೇಶ ಬಂದ. ನನ್ನ ಎಲೆ ನೋಡುತ್ತ ಅರ್ಧ ನೆಲಕ್ಕೆ ಚೆಲ್ಲಿದ. "ಮಾಮಾ, ಸಾಕು, ಏಳಿ" ಎಂದು ಕನ್ನಡದಲ್ಲಿ ಮೆಲ್ಲಗೆ ಹೇಳಿದ. ಕೈ ತೊಳೆಯುವಲ್ಲಿಗೆ ಹಿಂದೆಯೇ ಬಂದು ಚೊಂಬಿನಿಂದ ನೀರು ಹಾಕಿದ. "ಅಪ್ಪನಿಗೆ ನಾನೇ ಹೇಳ್ತೀನಿ" ಎಂದ. ಏನು ಹೇಳುತ್ತಾನೆಂದು ಕೇಳಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿದೆ. ಜಾನಕಿಗೆ ನಡೆದದ್ದೆಲ್ಲ ಹೇಳಿದೆ. ಅವಳು ಗೋಡೆಯ ಪಂಚಾಂಗದ ಹತ್ತಿರ ಹೋಗಿ ಇವತ್ತಿನ ತಾರೀಖಿಗೆ ಪೆನ್ಸಿಲಿನಲ್ಲಿ ಎಂದಿನಂತೆ ಸೊನ್ನೆ ಹಾಕಿದಳು. ಬೇಡ ಎಂದೆ. ಅಳಿಸಲಿಲ್ಲ.

ರಟ್ಟುಗಳನ್ನು ಹರಿದು ಬಚ್ಚಲ ಒಲೆಗೆ ಹಾಕಿದೆ.

ಆರು ಗಂಟೆಗೆ ಉಷಾ ಬ್ಯಾಂಕಿನಿಂದ ಬಂದಳು. ಚಪ್ಪಲಿ ಬಿಟ್ಟು, ಚೀಲವನ್ನು ನನ್ನ ಮೇಜಿನ ಮೇಲೇ ಇಟ್ಟಳು. ಎಂಟು ವಾರದಿಂದ ಆ ಚೀಲವನ್ನು ತನ್ನ ಕೋಣೆಯಿಂದ ಆಚೆ ಇಟ್ಟವಳಲ್ಲ. "ಅಪ್ಪಾ, ಸಾಪ್ಟೀಂಗಳಾ?" ಎಂದಳು. ಊಟ ಆಯಿತಾ ಎಂದು ಈ ಊರಿನಲ್ಲಿ ದಿನಕ್ಕೆ ಹತ್ತು ಜನ ಕೇಳುತ್ತಾರೆ. ಏಕಾದಶಿಯ ದಿನ ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಸುರೇಶ ಬ್ಯಾಂಕಿಗೆ ಫೋನು ಮಾಡಿರಬೇಕು.

"ಆಯಿತು ಮಗಳೇ" ಎಂದೆ. ಸಾಂಬಾರಿಗೆ ಉಪ್ಪು ಸಾಲದಾಗಿತ್ತು ಎಂದೂ ಹೇಳಿದೆ.